ಸ್ಥಳೀಯ ಚುನಾವಣೆಗೆ ಜನ ಬರುತ್ತಿಲ್ಲವೇ? ನಿಮ್ಮ ಬೀದಿಯಿಂದಲೇ ಶುರು ಮಾಡುವುದು ಹೀಗೆ

ದೇಶದ ದೊಡ್ಡ ಚುನಾವಣೆ ಬಂದರೆ ಸಾಕು, ಯಾರು ಗೆಲ್ಲುತ್ತಾರೆ ಅಂತ ಎಲ್ಲರ ಬಾಯಲ್ಲೂ ಲೆಕ್ಕಾಚಾರ. ಅದೇ ವಾರ್ಡಿನ ಚುನಾವಣೆ ಬಂದರೆ ಯಾವತ್ತು ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ನಲ್ಲಿ ನೀರು, ಚರಂಡಿ, ಕಸ, ಬೀದಿ ದೀಪ, ಮನೆ ಮುಂದಿನ ರಸ್ತೆ, ಹೀಗೆ ಬೆಳಗಾದರೆ ನಮ್ಮನ್ನು ಕಾಡುವ ವಿಷಯಗಳೆಲ್ಲ ಇರುವುದು ಬಹುಪಾಲು ಸ್ಥಳೀಯ ಸಂಸ್ಥೆಯ ಕೈಯಲ್ಲಿ. ಮತಗಟ್ಟೆ ಖಾಲಿ ಹೊಡೆಯುವುದೂ ಅದರ ಚುನಾವಣೆಯಲ್ಲೇ.

ಇದು ಯಾವುದೋ ಒಂದು ದೇಶದ ಕಥೆಯಲ್ಲ. ಇಂಗ್ಲೆಂಡಿನ ಸ್ಥಳೀಯ ಚುನಾವಣೆಗಳಲ್ಲಿ ಸಾಮಾನ್ಯವಾಗಿ ಮೂವರಲ್ಲಿ ಒಬ್ಬರು ಮತ ಹಾಕಿದರೆ ಹೆಚ್ಚು. 2012ರ ನವೆಂಬರ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸ್ ಮತ್ತು ಅಪರಾಧ ಕಮಿಷನರ್ ಅನ್ನುವ, ಸ್ಥಳೀಯ ಪೊಲೀಸರ ಮೇಲೆ ನಿಗಾ ಇಡುವ ಹೊಸ ಹುದ್ದೆಗೆ ಮೊದಲ ಸಲ ಚುನಾವಣೆ ನಡೆಯಿತು. ಮತ ಹಾಕಿದವರು ಶೇ 15ರ ಆಸುಪಾಸು. ವೇಲ್ಸ್‌ನ ನ್ಯೂಪೋರ್ಟ್ ಊರಿನ ಒಂದು ಮತಗಟ್ಟೆಗೆ ಇಡೀ ದಿನ ಒಬ್ಬರೂ ಬರಲಿಲ್ಲ. ಸಿಬ್ಬಂದಿ ಖಾಲಿ ಪೆಟ್ಟಿಗೆ ಕಾಯುತ್ತಾ ಕೂತಿದ್ದರು ಅಷ್ಟೇ.

ನಿಮ್ಮ ಹತ್ತಿರ ಅಧಿಕಾರ ಇಲ್ಲ, ದುಡ್ಡಿಲ್ಲ, ಆದರೆ ನಮ್ಮ ಬೀದಿಯವರಾದರೂ ಹೋಗಿ ಮತ ಹಾಕಲಿ ಅನ್ನುವ ಆಸೆ ಇದೆ ಅಂದುಕೊಳ್ಳೋಣ. ಅಂಥವರಿಗೆ ಈ ಬರಹ. ಜಾಗೃತಿ ಜಾಥಾ, ಪೋಸ್ಟರ್, ಸೆಲೆಬ್ರಿಟಿ ವಿಡಿಯೊ ಇವೆಲ್ಲ ಬೇರೆಯವರು ಮಾಡಿಕೊಳ್ಳಲಿ. ಮತ ಹಾಕದ ಜನರಿಗೆ ಬುದ್ಧಿ ಹೇಳುವವರಿಗೇನೂ ಕೊರತೆ ಇಲ್ಲ. ಪರಿಚಯದವರೊಬ್ಬರು ಬಾಗಿಲಿಗೆ ಬಂದು ‘ಯಾವಾಗ ಹೋಗ್ತೀರಿ?’ ಅಂತ ಕೇಳುವುದಕ್ಕೆ ಇದೆ ನೋಡಿ ಕೊರತೆ.

ಮೊದಲು ಒಂದು ಮಾತು ಬಿಡಿ

‘ಯಾರೂ ಮತ ಹಾಕಲ್ಲ, ಈ ಜನ ಇಷ್ಟೇ’ ಅನ್ನುವ ಮಾತನ್ನು ಇವತ್ತಿನಿಂದ ನಿಲ್ಲಿಸಿ. ಬೇಸರದಲ್ಲಿ ಬರುವ ಮಾತು, ಸರಿ. ಆದರೆ ಕೇಳಿದವರಿಗೆ ಅದರಿಂದ ನಾಚಿಕೆ ಆಗುವುದಿಲ್ಲ, ಧೈರ್ಯ ಬರುತ್ತದೆ: ಯಾರೂ ಹಾಕದೇ ಇದ್ದಾಗ ನಾನೊಬ್ಬ ಹಾಕದಿದ್ದರೆ ಏನಂತೆ! ಅಮೆರಿಕದಲ್ಲಿ ಅಲನ್ ಗರ್ಬರ್ ಮತ್ತು ಟಾಡ್ ರಾಜರ್ಸ್ ಅನ್ನುವ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ 2009ರಲ್ಲಿ ಬರೆದರು. ಕೆಲವರಿಗೆ ಫೋನ್ ಮಾಡಿ ‘ಈ ಸಲ ಮತದಾನ ಕಡಿಮೆ ಆಗಲಿದೆ’ ಅಂದರು, ಇನ್ನು ಕೆಲವರಿಗೆ ‘ತುಂಬಾ ಜನ ಬರಲಿದ್ದಾರೆ’ ಅಂದರು. ಎರಡನೆಯ ಮಾತು ಕೇಳಿದವರಲ್ಲೇ ಮತ ಹಾಕುವ ಮನಸ್ಸು ಜಾಸ್ತಿ ಕಂಡಿತು, ಅದರಲ್ಲೂ ಯಾವಾಗಲೋ ಒಮ್ಮೆ ಮತ ಹಾಕುವವರಲ್ಲಿ.

ಹಾಗಂತ ಸುಳ್ಳು ಹೇಳಬೇಡಿ. ‘ನಮ್ಮ ಬೀದಿಯಲ್ಲಿ ಈ ಮನೆಯವರು, ಆ ಮನೆಯವರು, ಮೇಲಿನ ಮಹಡಿಯವರು ಹೋಗ್ತಿದ್ದಾರೆ’ ಅನ್ನುವುದು ನಿಜ ಇದ್ದರೆ ಅಷ್ಟು ಹೇಳಿದರೆ ಸಾಕು. ಆದರೆ ಯಾರ ವಿಷಯ ಹೇಳುತ್ತೀರೋ ಅವರನ್ನು ಒಂದು ಮಾತು ಕೇಳಿಕೊಂಡು ಹೇಳಿ.

ಲೆಕ್ಕ ತೆಗೆಯಿರಿ, ಆದರೆ ಹುಷಾರಾಗಿ

ಹಿಂದಿನ ಸ್ಥಳೀಯ ಚುನಾವಣೆಯಲ್ಲಿ ನಿಮ್ಮ ಮತಗಟ್ಟೆಯಲ್ಲಿ ಎಷ್ಟು ಮತ ಬಿದ್ದವು ಅನ್ನುವ ಅಂಕಿ ಚುನಾವಣಾ ಕಚೇರಿಯಲ್ಲಿ ಅಥವಾ ಅದರ ವೆಬ್‌ಸೈಟ್‌ನಲ್ಲಿ ಸಿಗುತ್ತದಾ ನೋಡಿ. ಊರಿಡೀ ಎಷ್ಟು ಅನ್ನುವುದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಮತಗಟ್ಟೆಯದ್ದು, ಪಕ್ಕದ ಎರಡು ಮತಗಟ್ಟೆಗಳದ್ದು ಸಿಕ್ಕರೆ ಸಾಕು. ಅದೇ ಜಾಗದಲ್ಲಿ ದೊಡ್ಡ ಚುನಾವಣೆಗೆ ಎಷ್ಟು ಜನ ಬಂದಿದ್ದರು ಅನ್ನುವುದನ್ನೂ ಪಕ್ಕದಲ್ಲಿ ಬರೆದಿಡಿ. ದೊಡ್ಡದಕ್ಕೆ ಬಂದು ಚಿಕ್ಕದಕ್ಕೆ ಬಾರದೇ ಇದ್ದಾರಲ್ಲ, ನಿಮ್ಮ ಕೆಲಸ ಇರುವುದು ಮುಖ್ಯವಾಗಿ ಅವರ ಹತ್ತಿರ. ಅವರಿಗೆ ಮತ ಹಾಕುವುದು ಹೇಗೆ ಅಂತ ಗೊತ್ತು, ಚೀಟಿ ಇದೆ, ಅಭ್ಯಾಸವೂ ಇದೆ. ಈ ಚುನಾವಣೆ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದಾರೆ, ಅಷ್ಟೇ.

ಶೇಕಡಾವಾರು ನೋಡುವಾಗ ಮೋಸ ಹೋಗುವುದು ಸುಲಭ. ಪಟ್ಟಿಯಲ್ಲಿ ತೀರಿಕೊಂಡವರ ಹೆಸರಿರುತ್ತದೆ, ಮನೆ ಬಿಟ್ಟು ಹೋದವರ ಹೆಸರಿರುತ್ತದೆ, ಒಬ್ಬರದ್ದೇ ಹೆಸರು ಎರಡು ಕಡೆ ಇರುತ್ತದೆ. ಇವರೆಲ್ಲ ‘ಮತ ಹಾಕದವರು’ ಅಂತಲೇ ಲೆಕ್ಕಕ್ಕೆ ಬರುತ್ತಾರೆ. ಇನ್ನು ಕೆಲವು ದೇಶಗಳಲ್ಲಿ ಹೆಸರು ನೋಂದಾಯಿಸಿದವರ ಮೇಲೆ ಲೆಕ್ಕ ಹಾಕಿದರೆ, ಕೆಲವು ಕಡೆ ಮತ ಹಾಕುವ ವಯಸ್ಸಿನ ಎಲ್ಲರ ಮೇಲೆ ಹಾಕುತ್ತಾರೆ. ಹಾಗಾಗಿ ಎರಡು ಊರುಗಳನ್ನು ಹೋಲಿಸುವ ಮುಂಚೆ ಯಾವುದರಿಂದ ಭಾಗಿಸಿದ್ದಾರೆ ಅಂತ ನೋಡಿ. ಅವಿರೋಧ ಆಯ್ಕೆ ನಡೆದ ವಾರ್ಡಿನಲ್ಲಿ ಮತದಾನವೇ ಇರುವುದಿಲ್ಲ. ಅಲ್ಲಿ ಸಮಸ್ಯೆ ಮತದಾರರದ್ದಲ್ಲ, ನಿಲ್ಲುವವರೇ ಇಲ್ಲದ್ದು.

ಚಿಕ್ಕ ಜಾಗ ಹಿಡಿಯಿರಿ

ಇಡೀ ವಾರ್ಡನ್ನು ಬದಲಾಯಿಸುತ್ತೇನೆ ಅಂತ ಹೊರಟವರು ಎರಡನೇ ವಾರಕ್ಕೆ ಸುಸ್ತಾಗುತ್ತಾರೆ. ಒಂದು ಬೀದಿ, ಒಂದು ಅಪಾರ್ಟ್‌ಮೆಂಟ್, ಮಕ್ಕಳು ಒಂದೇ ಶಾಲೆಗೆ ಹೋಗುವ ಹತ್ತಿಪ್ಪತ್ತು ಮನೆ, ಇಷ್ಟು ಸಾಕು. ಜೊತೆಗೆ ಇಬ್ಬರು ಮೂವರು ಇರಲಿ. ಅವರಲ್ಲಿ ಒಬ್ಬರಾದರೂ ನಿಮಗಿಂತ ಬೇರೆ ಪಕ್ಷದ ಕಡೆ ಒಲವಿರುವವರು ಇದ್ದರೆ ತುಂಬಾ ಒಳ್ಳೆಯದು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಪಟ್ಟಿ ನೋಡುವ ಕೆಲಸ

ಬೋರು ಹೊಡೆಸುವ ಕೆಲಸ ಇದು. ಆದರೆ ಇಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಮತದಾನದ ದಿನ ಮತಗಟ್ಟೆಗೆ ಹೋಗಿ, ಹೆಸರಿಲ್ಲ ಅಂತ ವಾಪಸ್ ಕಳುಹಿಸಿಕೊಂಡವರು ಮುಂದಿನ ಸಲ ಹೊಸಿಲು ದಾಟುವುದಿಲ್ಲ. ಇನ್ನೊಬ್ಬರಿಗೂ ಹೇಳುತ್ತಾರೆ: ‘ಸುಮ್ನೆ ಹೋಗಿ ಬಂದಿದ್ದಾಯ್ತು.’

ಇದಕ್ಕೆ ಚುನಾವಣೆ ಘೋಷಣೆ ಆಗುವವರೆಗೆ ಕಾಯಬೇಡಿ. ಹೆಸರು ಸೇರಿಸಲು, ವಿಳಾಸ ಬದಲಿಸಲು ಕೊನೆಯ ದಿನಾಂಕ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಮತದಾನದ ದಿನವೇ ನೋಂದಾಯಿಸಿಕೊಳ್ಳಲು ಬಿಡುವ ಜಾಗಗಳಿವೆ, ತಿಂಗಳ ಮುಂಚೆಯೇ ಬಾಗಿಲು ಹಾಕುವ ಜಾಗಗಳೂ ಇವೆ. ಅಮೆರಿಕದ ನಾರ್ತ್ ಡಕೋಟಾ ರಾಜ್ಯದಲ್ಲಂತೂ ಮತದಾರರ ನೋಂದಣಿ ಅನ್ನುವುದೇ ಇಲ್ಲ, ಗುರುತಿನ ಚೀಟಿ ಹಿಡಿದು ಹೋದರೆ ಆಯಿತು. ಇನ್ನೊಂದು ಸಂಗತಿ: ದೊಡ್ಡ ಚುನಾವಣೆ ನಡೆಸುವವರೇ ಸ್ಥಳೀಯ ಚುನಾವಣೆಯನ್ನೂ ನಡೆಸುತ್ತಾರೆ ಅಂದುಕೊಳ್ಳಬೇಡಿ. ಭಾರತದಲ್ಲಿ ಲೋಕಸಭೆ, ವಿಧಾನಸಭೆ ಚುನಾವಣೆಗಳು ಭಾರತ ಚುನಾವಣಾ ಆಯೋಗದ್ದು. ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾವಣೆ ಆಯಾ ರಾಜ್ಯ ಚುನಾವಣಾ ಆಯೋಗದ್ದು. ಸಂವಿಧಾನದ 73 ಮತ್ತು 74ನೇ ತಿದ್ದುಪಡಿಯಿಂದ ಬಂದ ವ್ಯವಸ್ಥೆ ಇದು. ‘ಹೋದ ಸಲ ಎಂಎಲ್ಎ ಎಲೆಕ್ಷನ್ನಿನಲ್ಲಿ ನನ್ನ ಹೆಸರಿತ್ತಲ್ಲ’ ಅನ್ನುವ ಧೈರ್ಯದ ಮೇಲೆ ಕೂರದೆ, ವಾರ್ಡಿನ ಪಟ್ಟಿಯನ್ನೇ ತೆಗೆದು ನೋಡಬೇಕು. ವಾರ್ಡಿನ ಗಡಿ ಬದಲಾಗಿ ಬೀದಿಯ ಒಂದು ಬದಿ ಇನ್ನೊಂದು ವಾರ್ಡಿಗೆ ಸೇರಿರುವುದೂ ಉಂಟು.

ಮಾಡುವುದು ಹೀಗೆ. ಕರಡು ಪಟ್ಟಿ ಪ್ರಕಟವಾದ ಕೂಡಲೇ ನಿಮ್ಮ ಭಾಗದ ಪುಟಗಳನ್ನು ತೆಗೆದುಕೊಳ್ಳಿ. ಮನೆ ಮನೆಗೆ ಹೋಗಿ ಮೂರೇ ವಿಷಯ ಕೇಳಿ: ನಿಮ್ಮೆಲ್ಲರ ಹೆಸರಿದೆಯಾ, ಕಾಗುಣಿತ ಸರಿ ಇದೆಯಾ, ಈ ಮನೆಯಲ್ಲಿ ಇಲ್ಲದವರ ಹೆಸರೇನಾದರೂ ಉಳಿದಿದೆಯಾ. ಹೊಸದಾಗಿ ಬಾಡಿಗೆಗೆ ಬಂದವರನ್ನು, ಈ ವರ್ಷ ಮತ ಹಾಕುವ ವಯಸ್ಸಿಗೆ ಬಂದ ಹುಡುಗ ಹುಡುಗಿಯರನ್ನು, ಮದುವೆಯಾಗಿ ಮನೆ ಬದಲಿಸಿದವರನ್ನು ಬೇರೆಯೇ ಗುರುತು ಹಾಕಿಕೊಳ್ಳಿ. ಪಟ್ಟಿಯಿಂದ ಬಿದ್ದುಹೋಗುವುದು ಜಾಸ್ತಿ ಇವರೇ. ಅರ್ಜಿಯನ್ನು ಅವರೇ ತುಂಬಲಿ, ನೀವು ಪಕ್ಕದಲ್ಲಿ ಕೂತು ಸಹಾಯ ಮಾಡಿ. ಯಾರದೇ ಗುರುತಿನ ದಾಖಲೆಯ ಫೋಟೊ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಬೇಡಿ. ಒಳ್ಳೆಯ ಉದ್ದೇಶವೇ ಇದ್ದರೂ ಬೇಡ.

ಯಾಕೆ ಬರುತ್ತಿಲ್ಲ ಅಂತ ಊಹಿಸಬೇಡಿ, ಕೇಳಿ

‘ಹೋದ ಸಲ ಮತ ಹಾಕಿದ್ರಾ?’ ಅಂತ ನೇರವಾಗಿ ಕೇಳಿದರೆ ಹಾಕದವರೂ ‘ಹ್ಞೂಂ’ ಅನ್ನುತ್ತಾರೆ. ಸಮೀಕ್ಷೆ ಮಾಡುವವರಿಗೆಲ್ಲ ಗೊತ್ತಿರುವ ಹಳೇ ಕಾಟ ಇದು. ಬದಲಿಗೆ ‘ಹೋದ ಸಲ ತುಂಬಾ ಜನರಿಗೆ ಹೋಗೋಕೆ ಆಗಲಿಲ್ಲವಂತೆ, ನಿಮಗೆ ಹೇಗಿತ್ತು?’ ಅಂತ ಕೇಳಿ ನೋಡಿ. ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸಿಗುವ ಉತ್ತರಗಳು ಹೆಚ್ಚುಕಡಿಮೆ ಮೂರು ಥರ. ಗೊತ್ತಿರಲಿಲ್ಲ ಅನ್ನುವವರು. ಆಗಲಿಲ್ಲ ಅನ್ನುವವರು. ಬೇಡ ಅನಿಸಿತು ಅನ್ನುವವರು. ಮೂವರಿಗೂ ಒಂದೇ ಕರಪತ್ರ ಕೊಟ್ಟರೆ ಪ್ರಯೋಜನ ಇಲ್ಲ. ಗೊತ್ತಿರದವರಿಗೆ ದಿನಾಂಕ, ಜಾಗ, ಅಭ್ಯರ್ಥಿಗಳ ಹೆಸರು ಕೊಟ್ಟರೆ ಅರ್ಧ ಕೆಲಸ ಮುಗಿದಂತೆ. ಆಗದವರ ಕಾರಣ ಬಿಡಿಸಿ ಕೇಳಬೇಕು. ಪಾಳಿ ಕೆಲಸವೇ, ಚಿಕ್ಕ ಮಗುವೇ, ಹಾಸಿಗೆ ಹಿಡಿದ ಹಿರಿಯರೇ, ದೂರದ ಮತಗಟ್ಟೆಯೇ, ದಿನಗೂಲಿ ತಪ್ಪುತ್ತದೆ ಅನ್ನುವ ಭಯವೇ? ಅಂಚೆ ಮತ, ಮುಂಗಡ ಮತದಾನ, ಸಂಬಳ ಸಹಿತ ರಜೆ, ಇವೆಲ್ಲ ನಿಮ್ಮ ಕಾನೂನಿನಲ್ಲಿ ಇವೆಯಾ ಅಂತ ನೀವು ಮೊದಲೇ ತಿಳಿದುಕೊಂಡಿದ್ದರೆ ಅಲ್ಲೇ ಹೇಳಬಹುದು. ‘ನೋಡಿ ಹೇಳ್ತೀನಿ’ ಅಂದರೆ ಮರೆಯದೆ ವಾಪಸ್ ಹೋಗಿ ಹೇಳಿ.

ಬೇಡ ಅನಿಸಿದವರ ಜೊತೆ ವಾದಕ್ಕೆ ಇಳಿಯಬೇಡಿ. ಅವರಲ್ಲಿ ಎಷ್ಟೋ ಜನ ಒಂದು ಕಾಲಕ್ಕೆ ಪ್ರತಿ ಸಭೆಗೂ ಹೋಗಿ, ಅರ್ಜಿ ಕೊಟ್ಟು, ಏನೂ ಆಗದೆ ಕೈ ಚೆಲ್ಲಿದವರೇ ಆಗಿರುತ್ತಾರೆ. ಅವರನ್ನು ಸೋಮಾರಿಗಳು ಅಂದರೆ ತಪ್ಪಾಗುತ್ತದೆ. ಯಾವ ಕೆಲಸ ಆಗಲಿಲ್ಲ, ಯಾವಾಗ ಅರ್ಜಿ ಕೊಟ್ಟಿದ್ದರು, ಬರೆದುಕೊಳ್ಳಿ. ಅಭ್ಯರ್ಥಿಗಳ ಮುಂದೆ ಇಡಬೇಕಾದ ಪ್ರಶ್ನೆಗಳು ಅಲ್ಲೇ ಇವೆ.

ಒಂದು ಹಾಳೆ ಸಿದ್ಧ ಮಾಡಿ

ಒಂದೇ ಹಾಳೆ. ಒಂದು ಬದಿಯಲ್ಲಿ ಮತದಾನದ ದಿನ, ಸಮಯ, ಮತಗಟ್ಟೆ ಎಲ್ಲಿ, ಯಾವ ಗುರುತಿನ ದಾಖಲೆ ನಡೆಯುತ್ತದೆ. ಇನ್ನೊಂದು ಬದಿಯಲ್ಲಿ ಈ ಸಂಸ್ಥೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ. ಈ ಎರಡನೆಯದಕ್ಕೆ ಸ್ವಲ್ಪ ಹೊತ್ತು ಕೊಡಿ. ಸ್ಥಳೀಯ ಸದಸ್ಯರ ಕೈಯಲ್ಲಿ ಇಲ್ಲದ ವಿಷಯಕ್ಕೆ ಜನ ಅವರನ್ನು ಬೈಯುತ್ತಾರೆ, ಕೈಯಲ್ಲಿ ಇರುವ ವಿಷಯವನ್ನು ಕೇಳುವುದೇ ಇಲ್ಲ. ಹೋದ ವರ್ಷದ ಬಜೆಟ್‌ನಲ್ಲಿ ನಿಮ್ಮ ವಾರ್ಡಿಗೆ ಎಷ್ಟು ಇಟ್ಟಿದ್ದರು, ಯಾವ ಕಾಮಗಾರಿಗೆ ಎಷ್ಟು ಖರ್ಚಾಯಿತು ಅನ್ನುವುದು ಸಿಕ್ಕರೆ ಹಾಕಿ. ಮಾಹಿತಿ ಹಕ್ಕಿನ ಕಾನೂನು ಇರುವ ಕಡೆ ಅರ್ಜಿ ಹಾಕಿಯೂ ಪಡೆಯಬಹುದು, ಆದರೆ ಉತ್ತರ ಬರಲು ಸಮಯ ಬೇಕು. ಹಾಗಾಗಿ ಮೊದಲೇ ಹಾಕಿಡಿ.

ಈ ಕೆಲಸ ಹಿಂದೆ ಊರಿನ ಪತ್ರಿಕೆಗಳದ್ದಾಗಿತ್ತು. ಅಮೆರಿಕದ ‘ಸಿನ್ಸಿನಾಟಿ ಪೋಸ್ಟ್’ ಪತ್ರಿಕೆ 2007ರ ಕೊನೇ ದಿನ ಮುಚ್ಚಿತು. ಅದನ್ನು ಹೆಚ್ಚು ಓದುತ್ತಿದ್ದ ಕೆಂಟಕಿ ಕಡೆಯ ಪಟ್ಟಣಗಳಲ್ಲಿ ಮುಂದೆ ಏನಾಯಿತು ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ನೋಡಿದರು. ಸ್ಥಳೀಯ ಚುನಾವಣೆಗೆ ನಿಲ್ಲುವವರು ಕಡಿಮೆಯಾಗಿದ್ದರು, ಇದ್ದವರೇ ಮತ್ತೆ ಗೆಲ್ಲುವುದು ಹೆಚ್ಚಾಗಿತ್ತು, ಮತದಾನವೂ ಇಳಿದಿತ್ತು. ಒಂದೇ ಕಡೆಯ ಕಥೆ, ಇದರ ಮೇಲೆ ದೊಡ್ಡ ಮಾತು ಕಟ್ಟಬಾರದು, ನಿಜ. ಆದರೂ ಯಾರು ನಿಂತಿದ್ದಾರೆ ಅಂತಲೇ ತಿಳಿಯದೆ ಮತ ಹಾಕಲು ಮನಸ್ಸಾಗುವುದು ಯಾರಿಗೆ?

ಬಾಗಿಲು ತಟ್ಟಿ

ಇಡೀ ಬರಹದಲ್ಲಿ ಇದೊಂದನ್ನು ಮಾಡಿದರೂ ನನಗೆ ಸಮಾಧಾನ. ಅಮೆರಿಕದ ನ್ಯೂ ಹೇವನ್ ನಗರದಲ್ಲಿ 1998ರಲ್ಲಿ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಒಂದು ಪ್ರಯೋಗ ಮಾಡಿದರು. ಕೆಲವು ಮತದಾರರಿಗೆ ಅಂಚೆಯಲ್ಲಿ ಕಾರ್ಡ್ ಹೋಯಿತು, ಕೆಲವರಿಗೆ ಫೋನ್ ಹೋಯಿತು, ಕೆಲವರ ಬಾಗಿಲಿಗೆ ಜನ ಹೋದರು. ಯಾರಿಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸಲಾಗಿತ್ತು. ಕಾರ್ಡಿನಿಂದ ಸ್ವಲ್ಪ ಲಾಭ ಆಯಿತು. ದುಡ್ಡು ಕೊಟ್ಟು ಮಾಡಿಸಿದ ಫೋನ್ ಕರೆಯಿಂದ ಏನೂ ಆಗಲಿಲ್ಲ. ಬಾಗಿಲಿನಲ್ಲಿ ನಿಂತು ಮಾತಾಡಿದವರಲ್ಲಿ ಮಾತ್ರ ನೂರಕ್ಕೆ ಸುಮಾರು 8–9 ಜನ ಹೆಚ್ಚಾಗಿ ಮತ ಹಾಕಿದರು. ಆಮೇಲೆ ಬೇರೆ ಕಡೆ ನಡೆದ ಎಷ್ಟೋ ಪ್ರಯೋಗಗಳಲ್ಲಿ ಅಂಕಿ ಹೆಚ್ಚುಕಡಿಮೆ ಆಯಿತು, ಕೆಲವು ಕಡೆ ತೀರಾ ಕಡಿಮೆಯೂ ಬಂತು. ಆದರೆ ಎದುರು ನಿಂತು ಆಡುವ ಮಾತಿನ ಮುಂದೆ ಸಾಮೂಹಿಕ ಇಮೇಲ್, ರೆಕಾರ್ಡ್ ಮಾಡಿದ ಧ್ವನಿ ಕರೆ ಇವೆಲ್ಲ ಸಪ್ಪೆ ಅನ್ನುವುದು ಮಾತ್ರ ಮತ್ತೆ ಮತ್ತೆ ಕಂಡಿದೆ.

ಏನು ಮಾತಾಡಬೇಕು? ಪ್ರಜಾಪ್ರಭುತ್ವದ ಭಾಷಣ ಖಂಡಿತ ಬೇಡ. 2008ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಡೇವಿಡ್ ನಿಕರ್ಸನ್ ಮತ್ತು ಟಾಡ್ ರಾಜರ್ಸ್ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿಸಿದರು: ಎಷ್ಟು ಗಂಟೆಗೆ ಹೋಗುತ್ತೀರಿ, ಎಲ್ಲಿಂದ ಹೋಗುತ್ತೀರಿ, ಅದಕ್ಕೆ ಮುಂಚೆ ಏನು ಮಾಡುತ್ತಿರುತ್ತೀರಿ. ಇಷ್ಟೇ. ಈ ಮಾತುಕತೆ ಆದವರಲ್ಲಿ ನೂರಕ್ಕೆ ಸುಮಾರು 4 ಜನ ಹೆಚ್ಚು ಮತ ಹಾಕಿದರು. ಮನೆಯಲ್ಲಿ ಒಬ್ಬರೇ ಮತದಾರರು ಇದ್ದ ಕಡೆ ಇನ್ನೂ ಜಾಸ್ತಿ. ಒಂಟಿಯಾಗಿರುವವರಿಗೆ ‘ಹೋಗೋಣ್ವಾ?’ ಅನ್ನುವವರು ಮನೆಯಲ್ಲಿ ಇರುವುದಿಲ್ಲವಲ್ಲ, ಅದಕ್ಕೇ ಇರಬೇಕು.

ನಮ್ಮ ಮಾತಿನಲ್ಲಿ ಅದು ಹೀಗಿರಬಹುದು:

‘ಅಕ್ಕ, ನಾನು ಇದೇ ಬೀದಿ, ಕೊನೇ ಮನೆ. ಭಾನುವಾರ ವಾರ್ಡ್ ಎಲೆಕ್ಷನ್ ಇದೆ, ಗೊತ್ತಾಯ್ತಾ?’
‘ಹೌದಾ? ಈ ಭಾನುವಾರಾನಾ?’
‘ಹ್ಞೂಂ. ನಿಮಗೆ ಯಾವ ಹೊತ್ತು ಅನುಕೂಲ?’
‘ಬೆಳಗ್ಗೆ ಆಗಲ್ಲಪ್ಪ, ಕೆಲಸ ಇರುತ್ತೆ. ಮಧ್ಯಾಹ್ನ ನೋಡೋಣ.’
‘ಮಧ್ಯಾಹ್ನ ಅಂದ್ರೆ ಊಟ ಆದ ಮೇಲಾ? ಮನೆಯಿಂದಲೇ ಹೋಗ್ತೀರಾ?’
‘ಹೌದು, ಒಂದು ಮೂರು ಗಂಟೆಗೆ. ಅತ್ತೆನೂ ಬರ್ತಾರೆ, ಆದ್ರೆ ಅವರಿಗೆ ಮೆಟ್ಟಿಲು ಹತ್ತೋಕಾಗಲ್ಲ.’
‘ಮತಗಟ್ಟೆ ಕೆಳಗಡೆನೇ ಇದೆಯಾ ಅಂತ ನೋಡಿಕೊಂಡು ಶನಿವಾರ ಬಂದು ಹೇಳ್ತೀನಿ.’

‘ನೋಡೋಣ’ ಅಂತಿದ್ದದ್ದು ‘ಮೂರು ಗಂಟೆಗೆ’ ಆಯಿತು, ಗಮನಿಸಿ. ಅತ್ತೆಯ ಮೆಟ್ಟಿಲಿನ ಕಷ್ಟವೂ ಹೊರಬಂತು. ಅದು ಯಾವ ಪೋಸ್ಟರಿಗೂ ಹೇಳಿಕೊಳ್ಳುವ ಕಷ್ಟ ಅಲ್ಲ. ಶನಿವಾರ ಹೋಗುವುದನ್ನು ಮಾತ್ರ ತಪ್ಪಿಸಬೇಡಿ.

ಮನೆಯಲ್ಲಿ ಒಬ್ಬರ ಹತ್ತಿರ ಮಾತಾಡಿದರೂ ಉಳಿದವರಿಗೆ ತಲುಪುತ್ತದೆ. 2002ರಲ್ಲಿ ಡೆನ್ವರ್ ಮತ್ತು ಮಿನಿಯಾಪೊಲಿಸ್‌ನಲ್ಲಿ ಇಬ್ಬರು ಮತದಾರರಿದ್ದ ಮನೆಗಳ ಬಾಗಿಲು ತಟ್ಟಿ ನೋಡಿದಾಗ, ಬಾಗಿಲು ತೆರೆದವರ ಮೇಲೆ ಆದ ಪರಿಣಾಮದಲ್ಲಿ ಸುಮಾರು ಶೇ 60ರಷ್ಟು ಮನೆಯ ಇನ್ನೊಬ್ಬರಿಗೂ ದಾಟಿತ್ತು. ಹಾಗಾಗಿ ‘ಯಜಮಾನರು ಇಲ್ಲ, ಆಮೇಲೆ ಬನ್ನಿ’ ಅಂದರೆ ಸುಮ್ಮನೆ ವಾಪಸ್ ಬರಬೇಡಿ. ‘ನಿಮ್ಮ ಹತ್ತಿರ ಮಾತಾಡೋಕೇ ಬಂದೆ’ ಅನ್ನಿ.

ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದರೆ ಆಗುವುದಿಲ್ಲವೇ ಅಂತ ಕೇಳುತ್ತೀರಿ. ನೆನಪಿಸಲು ಆಗುತ್ತದೆ, ಒಪ್ಪಿಸಲು ಕಷ್ಟ. ಹಿಂದಿನ ದಿನ ಮೂರು ಗಂಟೆ ಅಂದವರಿಗೆ ‘ಅಕ್ಕ, ನಾಳೆ ಮೂರಕ್ಕೆ, ಮತಗಟ್ಟೆ ಕೆಳಗಡೆಯೇ ಇದೆ’ ಅಂತ ಅವರೊಬ್ಬರಿಗೇ ಕಳುಹಿಸಿ. ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಬರುವ ಕರೆಯನ್ನು ಯಾರೂ ತಮಗೆ ಬಂದದ್ದು ಅಂತ ಓದುವುದಿಲ್ಲ.

ಮಾನ ತೆಗೆಯುವ ದಾರಿ ಬೇಡ

ಇನ್ನೊಂದು ಪ್ರಯೋಗ ಇದೆ, ತುಂಬಾ ಹೆಸರಾದದ್ದು. 2006ರ ಆಗಸ್ಟ್‌ನಲ್ಲಿ ಮಿಶಿಗನ್ ರಾಜ್ಯದಲ್ಲಿ ಕೆಲವರಿಗೆ ಒಂದು ಪತ್ರ ಹೋಯಿತು. ಅದರಲ್ಲಿ ಅವರದ್ದು ಮತ್ತು ಅಕ್ಕಪಕ್ಕದವರದ್ದು ಹೆಸರು ಹಾಕಿ, ಹಿಂದಿನ ಚುನಾವಣೆಗಳಲ್ಲಿ ಯಾರು ಮತ ಹಾಕಿದ್ದರು, ಯಾರು ಹಾಕಿರಲಿಲ್ಲ ಅಂತ ಪಟ್ಟಿ ಕೊಟ್ಟು, ಚುನಾವಣೆ ಆದ ಮೇಲೆ ಹೊಸ ಪಟ್ಟಿ ಎಲ್ಲರಿಗೂ ಕಳುಹಿಸುತ್ತೇವೆ ಅಂತ ಬರೆದಿತ್ತು. ಪತ್ರ ಬಾರದವರಲ್ಲಿ ಶೇ 29.7 ಜನ ಮತ ಹಾಕಿದರೆ, ಈ ಪತ್ರ ಬಂದವರಲ್ಲಿ ಶೇ 37.8. ಒಂದು ಪತ್ರಕ್ಕೆ ಇಷ್ಟು ಫಲ ಬರುವುದು ಅಪರೂಪ.

ಹಾಗಾದರೆ ನಾವೂ ಮಾಡೋಣ ಅನ್ನಿಸುತ್ತದೆ, ಅಲ್ವಾ? ಬೇಡ. ಆ ಪತ್ರ ನೋಡಿ ಸಿಟ್ಟಾದವರು ಕಡಿಮೆ ಇರಲಿಲ್ಲ. ಅದನ್ನು ಕಳುಹಿಸಿದವರು ಮತ್ತೆ ಆ ಬೀದಿಯಲ್ಲಿ ಬದುಕಬೇಕಾಗಿರಲಿಲ್ಲ, ನೀವು ಬದುಕಬೇಕು. ಯಾರು ಮತ ಹಾಕಿದರು ಅನ್ನುವ ಮಾಹಿತಿಯನ್ನು ಎಲ್ಲ ದೇಶಗಳೂ ಹೊರಗೆ ಕೊಡುವುದಿಲ್ಲ, ಕೊಟ್ಟರೂ ಹೀಗೆ ಬಳಸಿದರೆ ಬೀದಿಯಲ್ಲಿ ಮನಸ್ತಾಪ ಉಳಿಯುತ್ತದೆ. ಬೆರಳಿನ ಶಾಯಿ ನೋಡಿ ಲೇವಡಿ ಮಾಡುವುದೂ ಇದೇ ಜಾತಿಯದ್ದು. ಮತ ಹಾಕಿದವರಿಗೆ ಧನ್ಯವಾದ ಹೇಳುವ ಕಾರ್ಡಿನಿಂದಲೂ ಮುಂದಿನ ಚುನಾವಣೆಯಲ್ಲಿ ಮತದಾನ ಏರಿದ ಉದಾಹರಣೆ ಅಮೆರಿಕದಲ್ಲೇ ಇದೆ. ಅದನ್ನು ಹಿಡಿಯಿರಿ.

‘ನನ್ನ ಒಂದು ಮತದಿಂದ ಏನಾಗುತ್ತೆ?’

ಈ ಪ್ರಶ್ನೆ ಬಂದೇ ಬರುತ್ತದೆ. ಲಕ್ಷಾಂತರ ಮತ ಬೀಳುವ ಚುನಾವಣೆಯಲ್ಲಿ ಈ ಅನುಮಾನಕ್ಕೆ ಅರ್ಥ ಇದೆ, ಒಪ್ಪಿಕೊಳ್ಳಿ. ವಾರ್ಡಿನಲ್ಲಿ ಬೀಳುವ ಮತವೇ ಕಡಿಮೆ, ಅಂತರವೂ ಚಿಕ್ಕದು. 2017ರ ಮುಂಬೈ ಮಹಾನಗರ ಪಾಲಿಕೆ ಚುನಾವಣೆಯಲ್ಲಿ 220ನೇ ವಾರ್ಡಿನ ಇಬ್ಬರು ಅಭ್ಯರ್ಥಿಗಳಿಗೆ ತಲಾ 5,946 ಮತ ಬಂದು, ಕೊನೆಗೆ ಚೀಟಿ ಎತ್ತಿ ಗೆದ್ದವರನ್ನು ತೀರ್ಮಾನಿಸಬೇಕಾಯಿತು. ಅದೇ ವರ್ಷ ಇಂಗ್ಲೆಂಡಿನ ನಾರ್ತಂಬರ್‌ಲ್ಯಾಂಡ್ ಕೌಂಟಿಯ ಸೌತ್ ಬ್ಲೈತ್ ವಾರ್ಡಿನಲ್ಲೂ ಮತ ಸಮ ಆಗಿ ಕಡ್ಡಿ ಎಳೆಸಿದರು. ಆ ಕಡ್ಡಿ ಎಳೆದದ್ದರಲ್ಲಿ ಸೋತ ಪಕ್ಷಕ್ಕೆ ಇಡೀ ಕೌನ್ಸಿಲಿನ ಬಹುಮತ ಒಂದೇ ಸ್ಥಾನದಿಂದ ತಪ್ಪಿತು. ಮನೆಯಲ್ಲೇ ಉಳಿದವರಲ್ಲಿ ಒಬ್ಬರು ಎದ್ದು ಹೋಗಿದ್ದರೂ ಚೀಟಿ, ಕಡ್ಡಿ ಯಾವುದೂ ಬೇಕಿರಲಿಲ್ಲ.

ಇದಕ್ಕಿಂತ ನನಗೆ ಮುಖ್ಯ ಅನ್ನಿಸುವ ಉತ್ತರ ಬೇರೆ ಇದೆ. ಗೆದ್ದವರು ಮತಗಟ್ಟೆವಾರು ಅಂಕಿ ನೋಡುತ್ತಾರೆ. ಯಾವ ಬೀದಿಯಿಂದ ಜನ ಬರುತ್ತಾರೆ, ಯಾವ ಬೀದಿ ಬರುವುದೇ ಇಲ್ಲ ಅನ್ನುವುದು ಅವರಿಗೆ ಬಾಯಿಪಾಠ. ಬಾರದ ಬೀದಿಯ ಚರಂಡಿಗೆ ಅವಸರ ಯಾರಿಗಿದೆ?

ಅಭ್ಯರ್ಥಿಗಳನ್ನು ಒಂದೇ ಕಡೆ ಕೂರಿಸಿ

ಆಗದಿದ್ದರೆ ಬಿಡಿ, ಸಾಧ್ಯವಾದರೆ ತುಂಬಾ ಚೆನ್ನ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ದಿನ, ಒಂದೇ ರೀತಿಯ ಆಹ್ವಾನ ಹೋಗಲಿ. ಎಲ್ಲರಿಗೂ ಸಮಾನ ಸಮಯ. ಬಾವುಟ, ಘೋಷಣೆ, ಹಾರ ಬೇಡ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಂಡು ನಡೆಸಿಕೊಡುವವರು ಓದಲಿ, ಇಲ್ಲದಿದ್ದರೆ ಮೈಕು ಸಿಕ್ಕವರು ಭಾಷಣ ಶುರು ಮಾಡುತ್ತಾರೆ. ಮನೆ ಮನೆಯಲ್ಲಿ ಬರೆದುಕೊಂಡ ದೂರುಗಳು ಈಗ ಕೆಲಸಕ್ಕೆ ಬರುತ್ತವೆ. ‘ಅಭಿವೃದ್ಧಿಗೆ ಏನು ಮಾಡುತ್ತೀರಿ?’ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ. ‘ಮೂರನೇ ತಿರುವಿನ ಚರಂಡಿಗೆ ಎರಡು ಸಲ ಅರ್ಜಿ ಹೋಗಿದೆ, ಮೊದಲ ಆರು ತಿಂಗಳಲ್ಲಿ ಅದಕ್ಕೆ ಏನು ಮಾಡುತ್ತೀರಿ?’ ಅಂತ ಕೇಳಿದರೆ ಯಾರು ಸಿದ್ಧವಾಗಿ ಬಂದಿದ್ದಾರೆ ಅಂತ ತಿಳಿಯುತ್ತದೆ. ಬಾರದವರ ಕುರ್ಚಿ ಖಾಲಿ ಇಟ್ಟು ಗೇಲಿ ಮಾಡಬೇಡಿ. ಅವರ ಲಿಖಿತ ಉತ್ತರ ಕೇಳಿ ತರಿಸಿ.

ನಿಮ್ಮ ಗುಂಪಿನಲ್ಲಿ ಬೇರೆ ಒಲವಿನವರು ಇರಲಿ ಅಂದೆನಲ್ಲ, ಇದಕ್ಕೇ. ಒಂದೇ ಪಕ್ಷದವರು ಸೇರಿ ನಡೆಸುತ್ತಿದ್ದಾರೆ ಅನ್ನುವ ಅನುಮಾನ ಬಂದ ದಿನ ನಿಮ್ಮ ಬಾಗಿಲು ತಟ್ಟುವ ಕೆಲಸವೂ ಮುಗಿಯಿತು. ನಿಮ್ಮ ಮನಸ್ಸಿನ ಅಭ್ಯರ್ಥಿ ಯಾರೇ ಇರಲಿ, ಈ ಕೆಲಸದಲ್ಲಿ ಆ ಹೆಸರು ಬಾಯಿಗೆ ಬರಬಾರದು. ಸಭೆಗೆ ಅನುಮತಿ ಬೇಕೇ, ನೀತಿ ಸಂಹಿತೆ ಏನು ಹೇಳುತ್ತದೆ, ಯಾವ ದಿನದಿಂದ ಸಭೆ ನಡೆಸುವಂತಿಲ್ಲ ಅನ್ನುವುದನ್ನು ಚುನಾವಣಾಧಿಕಾರಿಯ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಮತದಾನದ ದಿನ

ನೀವು ಬೆಳಗ್ಗೆಯೇ ಹೋಗಿ ಮತ ಹಾಕಿ ಬನ್ನಿ. ಸಾಲು ಎಷ್ಟಿದೆ, ನೆರಳಿದೆಯಾ, ಗಾಲಿಕುರ್ಚಿ ಹೋಗುತ್ತದಾ ಅನ್ನುವುದನ್ನು ನೋಡಿ ಬಂದು ಹೇಳಿದರೆ ಹಿರಿಯರಿಗೆ ಧೈರ್ಯ.

ವಾಹನದ ವಿಷಯದಲ್ಲಿ ಹುಷಾರು. ಅಮೆರಿಕದಲ್ಲಿ ಮತದಾರರನ್ನು ಕಾರಿನಲ್ಲಿ ಕರೆದುಕೊಂಡು ಹೋಗುವುದು ಸಾಮಾನ್ಯ. ಭಾರತದ 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಅಭ್ಯರ್ಥಿ ಅಥವಾ ಅವರ ಕಡೆಯವರು ಮತದಾರರನ್ನು ಸಾಗಿಸಲು ವಾಹನ ಗೊತ್ತು ಮಾಡುವುದು ಭ್ರಷ್ಟ ಆಚರಣೆ. ನಿಮ್ಮ ಮನೆಯ ಗಾಡಿಯಲ್ಲಿ ಪಕ್ಕದ ಮನೆಯ ಅಜ್ಜಿಯನ್ನು ಕರೆದೊಯ್ಯುವುದಕ್ಕೂ, ಇಡೀ ಬೀದಿಗೆ ಬಾಡಿಗೆ ವಾಹನ ಓಡಿಸುವುದಕ್ಕೂ ವ್ಯತ್ಯಾಸ ಇದೆ. ನಿಮ್ಮ ಕಡೆಯ ನಿಯಮ ತಿಳಿಯದೆ ಎರಡನೆಯದಕ್ಕೆ ಕೈ ಹಾಕಬೇಡಿ. ಊಟ ತಿಂಡಿ, ಉಡುಗೊರೆ, ‘ಮತ ಹಾಕಿದವರಿಗೆ ಬಹುಮಾನ’ ಇವುಗಳಿಂದಲೂ ದೂರ ಇರಿ. ಮತಗಟ್ಟೆ ಹತ್ತಿರ ಗುಂಪು ಕಟ್ಟಿ ನಿಲ್ಲಬೇಡಿ.

ಮಧ್ಯಾಹ್ನದ ಮೇಲೆ ಪಟ್ಟಿ ತೆಗೆದು, ಸಮಯ ಹೇಳಿ ಇನ್ನೂ ಹೋಗದವರಿಗೆ ಒಂದೇ ಒಂದು ಸಲ ನೆನಪಿಸಿ. ಎರಡನೇ ಸಲ ಬೇಡ, ಅದು ಕಾಟ ಆಗುತ್ತದೆ.

ನಿಮ್ಮ ಕೈಮೀರಿದ ಕಾರಣಗಳು

ಬೀದಿಯ ಮಟ್ಟದಲ್ಲಿ ಎಷ್ಟೇ ಮಾಡಿದರೂ ಕೆಲವು ಕಾರಣ ಮೇಲಿನ ಮಟ್ಟದವು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 2011ರ ಮೇಯರ್ ಚುನಾವಣೆಗೆ ಸುಮಾರು ಶೇ 13 ಮತದಾನ ಆಗಿತ್ತು. ಅದನ್ನು ಅಧ್ಯಕ್ಷೀಯ ಚುನಾವಣೆಯ ದಿನಕ್ಕೆ ಸೇರಿಸಿದ ಮೇಲೆ 2016ರಲ್ಲಿ ಸುಮಾರು ಶೇ 60 ಆಯಿತು. ಆದರೆ ದೊಡ್ಡ ಚುನಾವಣೆಯ ಗದ್ದಲದಲ್ಲಿ ವಾರ್ಡಿನ ವಿಷಯ ಮುಳುಗಿಹೋಗುತ್ತದೆ ಅನ್ನುವ ಆಕ್ಷೇಪ ಇದೆ, ಅದು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಆಸ್ಟ್ರೇಲಿಯಾ 1924ರಲ್ಲಿ ದೇಶದ ಚುನಾವಣೆಗೆ ಮತದಾನ ಕಡ್ಡಾಯ ಮಾಡಿತು. 1922ರಲ್ಲಿ ಶೇ 60 ಮುಟ್ಟದಿದ್ದ ಮತದಾನ 1925ರಲ್ಲಿ ಶೇ 91 ದಾಟಿತು. ಕಡ್ಡಾಯ ಮಾಡಿದರೆ ಜನ ಬರುತ್ತಾರೆ, ಸರಿ. ಬಂದವರು ವಾರ್ಡಿನ ಸಭೆಗೂ ಬರುತ್ತಾರಾ ಅನ್ನುವುದು ಬೇರೆ ಪ್ರಶ್ನೆ.

ಫಲಿತಾಂಶ ಬಂದ ಮೇಲೆ

ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ನೀವು ನಿಲ್ಲಿಸಬೇಡಿ. ನ್ಯೂ ಹೇವನ್ನಿನಲ್ಲಿ 1998ರಲ್ಲಿ ಆ ಪ್ರಯೋಗದಿಂದ ಮತ ಹಾಕಿದವರು 1999ರ ಸ್ಥಳೀಯ ಚುನಾವಣೆಗೂ ಹೆಚ್ಚಾಗಿ ಬಂದರು, ಆ ವರ್ಷ ಅವರ ಬಾಗಿಲಿಗೆ ಪ್ರಯೋಗದವರು ಹೋಗದಿದ್ದರೂ. ಒಮ್ಮೆ ಹಾಕಿದವರಿಗೆ ಇನ್ನೊಮ್ಮೆ ಹಾಕುವುದು ಸುಲಭ. ಅದಕ್ಕೇ ಮೊದಲ ಸಲ ಮತ ಹಾಕುವ ಹುಡುಗ ಹುಡುಗಿಯರ ಮೇಲೆ ಇಟ್ಟ ಶ್ರಮ ಬೇಗ ಕರಗುವುದಿಲ್ಲ.

ಮೊದಲ ವಾರ, ಬಂದವರಿಗೆಲ್ಲ ಧನ್ಯವಾದ ಹೇಳಿ. ಗೆದ್ದವರನ್ನೂ ಸೋತವರನ್ನೂ ಒಮ್ಮೆ ಹೋಗಿ ಮಾತಾಡಿಸಿ. ಸೋತವರು ಮುಂದಿನ ಸಲ ಮತ್ತೆ ನಿಲ್ಲಬೇಕಲ್ಲ. ಸಭೆಯಲ್ಲಿ ಕೊಟ್ಟ ಮಾತುಗಳನ್ನು ಒಂದು ಹಾಳೆಯಲ್ಲಿ ಟೈಪ್ ಮಾಡಿ ಗೆದ್ದವರಿಗೆ ಒಂದು ಪ್ರತಿ, ಬೀದಿಗೆ ಒಂದು ಪ್ರತಿ. ಆಮೇಲೆ ಒಂದೇ ಒಂದು ಚಿಕ್ಕ ಕೆಲಸ ಆರಿಸಿಕೊಳ್ಳಿ, ಆಗುವಂಥದ್ದು: ಕೆಟ್ಟ ಬೀದಿ ದೀಪ, ಮುರಿದ ಚಪ್ಪಡಿ. ಅದರ ಹಿಂದೆ ಬಿದ್ದು ಮಾಡಿಸಿ, ಆದದ್ದನ್ನು ಎಲ್ಲರಿಗೂ ಹೇಳಿ. ಬೇಡ ಅನಿಸಿ ಕೈ ಚೆಲ್ಲಿದವರಿಗೆ ಇದನ್ನು ಮೊದಲು ಹೇಳಿ.

ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಇದನ್ನು ದೊಡ್ಡದಾಗಿ ಮಾಡಿತು. ಬಡಾವಣೆಯ ಜನ ಸಭೆ ಸೇರಿ, ನಗರದ ಬಂಡವಾಳ ಖರ್ಚಿನಲ್ಲಿ ಯಾವುದು ಮೊದಲು ಅಂತ ತಾವೇ ತೀರ್ಮಾನಿಸುವ ಪದ್ಧತಿ. ಒಳಚರಂಡಿ, ರಸ್ತೆ, ಶಾಲೆ ಬಡ ಬಡಾವಣೆಗಳಿಗೂ ತಲುಪಿದವು, ಲೋಕದ ನೂರಾರು ಊರುಗಳು ಅದನ್ನು ನೋಡಿ ಕಲಿತವು. ಆದರೆ ಕಾಲ ಕಳೆದಂತೆ ಆಳುವವರ ಆಸಕ್ತಿ ಇಳಿಯಿತು, ಸಭೆಯಲ್ಲಿ ಒಪ್ಪಿದ ಕೆಲಸಗಳು ಬಾಕಿ ಉಳಿಯತೊಡಗಿದವು. 2017ರಲ್ಲಿ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಒಪ್ಪಿದ ಕೆಲಸ ಆಗದಿದ್ದರೆ ಜನ ಸಭೆಗೆ ಬರುವುದನ್ನು ನಿಲ್ಲಿಸುತ್ತಾರೆ, ಯಾವ ಊರೇ ಇರಲಿ. ಹಾಗಾಗಿ ಹತ್ತು ಬೇಡಿಕೆ ಇಟ್ಟು ಒಂಬತ್ತು ಮರೆಯುವುದಕ್ಕಿಂತ ಒಂದನ್ನೇ ಹಿಡಿಯಿರಿ.

ಮೂರು ತಿಂಗಳಿಗೊಮ್ಮೆ ಸದಸ್ಯರನ್ನು ಬೀದಿಗೆ ಕರೆಸಿ ಅರ್ಧ ಗಂಟೆ ಕೂರಿಸಲು ಆದರೆ ಒಳ್ಳೆಯದು. ಆಗದಿದ್ದರೆ ನೀವೇ ಇಬ್ಬರು ಅವರ ಸಾಮಾನ್ಯ ಸಭೆಗೆ ಹೋಗಿ ಕೂತು, ಏನು ತೀರ್ಮಾನ ಆಯಿತು ಅಂತ ನಾಲ್ಕು ಸಾಲು ಬರೆದು ಗ್ರೂಪಿಗೆ ಹಾಕಿ. ವರ್ಷಕ್ಕೊಮ್ಮೆ ಮತದಾರರ ಪಟ್ಟಿ ಪರಿಷ್ಕರಣೆ ಬಂದಾಗ ಆ ಹಳೇ ಪುಟಗಳನ್ನು ಮತ್ತೆ ತೆಗೆಯಿರಿ: ಮೇಲಿನ ಮಹಡಿಗೆ ಹೊಸಬರು ಬಂದಿರುತ್ತಾರೆ, ಯಾರಿಗೋ ಹದಿನೆಂಟು ತುಂಬಿರುತ್ತದೆ. ಆ ಮನೆಗಳಿಗೆ ಈ ಸಲ ನಿಮ್ಮ ಬದಲು ಗುಂಪಿನ ಬೇರೆ ಯಾರಾದರೂ ಹೋಗಲಿ.